ಲಂಡನ್ ಹಾದಿಯ ಸಂಕಷ್ಟಿ

ಮುಂಬಯಿಯಿಂದ ಲಂಡನ್ನಿಗೆ ಹೊರಟ ವಿಮಾನದಲ್ಲಿ ಹೆಂಡತಿಗೆ ಸಂಕಷ್ಟಿಯ ಉಪವಾಸ. ಚಂದ್ರನನ್ನು ನೋಡದೆ ಆಕೆ ಉಣ್ಣುವುದಿಲ್ಲ. ಕಿಟಕಿಯ ಪಕ್ಕ ಗಂಡ ಕುಳಿತಿದ್ದ.

“ಚಂದ್ರ ಬಂದಾನೇನ್ರೀ?”

ಅವನು ಕಿಟಕಿಯ ಮುಚ್ಚಳವನ್ನು ಬೆರಳಷ್ಟೇ ಎತ್ತಿ ಇಣುಕಿದ.

“ಎಲ್ಲೀ ಚಂದ್ರ? ನಾವು ಪಶ್ಚಿಮಕ್ಕ ಹೊಂಟೀವಿ. ಏಳು ಸಾವಿರ ಕಿಲೋಮೀಟರು ಅವ ನಮ್ಮ ಹಿಂದ ಓಡಿ ಬರಬೇಕಲ್ಲ.”

ಊಟ ಬಂತು. ಅನ್ನ ಕೆಡಿಸಬಾರದೆಂದು ಆಕೆಯ ತಟ್ಟೆಯನ್ನೂ ಅವನೇ ಮುಗಿಸಿದ.

“ಹೊಟ್ಟಿ ಭಾಳ ಹಸದದರೀ.”

“ಇನ್ನ ನಾಕು ತಾಸಿನ ಹಾದಿ. ತಡಿ, ಇಳಿದ ಮ್ಯಾಲೆ ಕಂಡಾನು.”

ತಿಂಡಿ ಬಂತು. ಅದೂ ಹಾಗೆಯೇ ಆಯಿತು.

ಇಳಿಯುವ ಹೊತ್ತಿಗೆ ಗಗನಸಖಿ ಬಂದು ಬಾಗಿ ಹೇಳಿದಳು:

“ಸರ್, ಚಂದ್ರನ ಬೆಳಕು ಕಣ್ಣಿಗೆ ಹೊಡೆಯುತ್ತೆ ಅಂತ ವಿಮಾನ ಹಾರಿದಾಗಿಂದ ಮುಚ್ಚಿಟ್ಟಿದ್ದೀರಲ್ಲ, ಆ ಕಿಟಕಿ ಈಗ ತೆಗೀಬೇಕು.”