ಹೆಣದ ಪಾತ್ರಕ್ಕೆ ಮಾತಿಲ್ಲ

ಮೂಗಿನ ಮೇಲೆ ನೊಣ ಬಂದು ಕೂತಿತು. ಗಡಿಯಾರ ರಿಪೇರಿಯವನು ಮಿಸುಕಲಿಲ್ಲ. ಮಿಸುಕುವ ಹಾಗೂ ಇರಲಿಲ್ಲ ಅನ್ನಿ. ರಂಗದ ನಟ್ಟನಡುವೆ ಮಂಚದ ಮೇಲೆ, ಎದೆತನಕ ಬಿಳಿ ಹೊದಿಕೆ ಹೊದ್ದು ಅವನು ಸತ್ತು ಬಿದ್ದಿದ್ದ. ಪಕ್ಕದಲ್ಲಿ ಮಂಡಿಯೂರಿ ಅವನ ವಿಧವೆ ಅಳುತ್ತಿದ್ದಳು. ವಿಧವೆ ಅಂದರೆ ನಾಟಕದಲ್ಲಿ. ಮನೆಯಲ್ಲಿ ಅವಳು ಅವನ ಖಾಸಾ ಹೆಂಡತಿ.

"ಹೀಗೆ ಮೌನವಾಗಿ ಹೋಗಿಬಿಟ್ಟಿರಲ್ಲ! ನನ್ನ ಜೊತೆ ಕಡೆಯದಾಗಿ ಒಂದೇ ಒಂದು ಮಾತು ಆಡಬಾರದಿತ್ತೇ?"

ಆಡಬಾರದಿತ್ತೇ ಅಂತೆ! ಹೆಣಕ್ಕೆ ಒಳಗೊಳಗೇ ಉರಿದುಹೋಯಿತು. ಮೂರು ವಾರದಿಂದ ಮನೆಯಲ್ಲಿ ಮಾತು ಬಿಟ್ಟವಳು ಯಾರಮ್ಮಾ? ಬದುಕಿರುವ ಗಂಡನಿಗೆ ಹ್ಞೂಂ ಇಲ್ಲ, ಉಹ್ಞೂಂ ಇಲ್ಲ. ಚಹಾದ ಲೋಟ ಮೇಜಿಗೆ ಕುಕ್ಕಿದ ಸದ್ದೇ ಸಂಭಾಷಣೆ. ಸತ್ತ ಗಂಡನಿಗೆ ಮಾತ್ರ ಪುಟಗಟ್ಟಲೆ ಮಾತು!

ಆದರೆ ಕಿಡಿ ಹಚ್ಚಿದವನು ಅವನೇ. ವಸಂತ ಬಂತೆಂದರೆ ನಗರದಲ್ಲಿ ಕಲಾ ಸಪ್ತಾಹ. ಯಾವ ಸಭಾಂಗಣಕ್ಕೆ ಹೋದರೂ ಒಂದು ನಾಟಕ, ಯಾವ ಉದ್ಯಾನಕ್ಕೆ ಹೋದರೂ ಒಂದು ಬ್ಯಾಂಡು. ಅವರ ಹವ್ಯಾಸಿ ತಂಡದಲ್ಲಿ ಈ ವರ್ಷ ವೇಷದ ಬಟ್ಟೆ ಹೊಲಿಯಲು ಬಂದ ಹೆಂಡತಿಗೆ ಮುಖ್ಯ ಪಾತ್ರ ಸಿಕ್ಕಿತು, ಎಷ್ಟೋ ವರ್ಷದ ಹಳೇ ಹುಲಿಯಾದ ಗಂಡನಿಗೆ ಹೆಣದ ಪಾತ್ರ. "ಉಸಿರು ಬಿಗಿಹಿಡಿದು ಕೂರೋ ಕಸುಬು ನಿಂದು ಮಾರಾಯ. ನಿನ್ನಷ್ಟು ಚೆನ್ನಾಗಿ ಸಾಯೋರು ನಮ್ಮಲ್ಲಿ ಯಾರೂ ಇಲ್ಲ" ಅಂತ ನಿರ್ದೇಶಕರು ಬೆನ್ನು ತಟ್ಟಿದ್ದರು. ಹೊಟ್ಟೆಕಿಚ್ಚು ತಡೆಯಲಾರದೆ ಅವನು ಮನೆಗೆ ಬಂದವನೇ, "ನೀನು ಅತ್ತರೆ ಜನ ನಗ್ತಾರೆ, ನೋಡ್ತಾ ಇರು" ಅಂದುಬಿಟ್ಟ. ಅಲ್ಲಿಗೆ ಮನೆಯಲ್ಲಿ ಮಾತು ನಿಂತಿತು.

"ದೀಪ ಆರಿದ ಈ ಮನೆಯಲ್ಲಿ..." ಅಂದಳು ಹೆಂಡತಿ. ನಿಲ್ಲಿಸಿದಳು. "ದೀಪ ಆರಿದ ಈ ಮನೆಯಲ್ಲಿ..." ಮತ್ತೆ ನಿಂತಿತು. ಹೆಣ ರೆಪ್ಪೆಯ ಸಂದಿಯಿಂದ ಪರದೆಯ ಮರೆಗೆ ನೋಡಿತು. ಮರೆತ ಮಾತು ಹೇಳಿಕೊಡಬೇಕಾದ ಪ್ರಾಂಪ್ಟರನ ಸ್ಟೂಲು ಖಾಲಿ! ಸಪ್ತಾಹ ನೋಡಿ, ಪುಣ್ಯಾತ್ಮ ಒಂದೇ ಸಂಜೆಗೆ ಮೂರು ತಂಡಗಳಿಗೆ ಒಪ್ಪಿಕೊಂಡಿದ್ದ. ಹೊರಗೆ ಉದ್ಯಾನದಲ್ಲಿ ಯಾರೋ ತುತ್ತೂರಿ ಊದುತ್ತಿದ್ದರು. ಮುಂದಿನ ಸಾಲಿನಲ್ಲಿ ಒಬ್ಬರು ಕಿಸಕ್ಕೆಂದರು.

ತಾನಂದದ್ದೇ ನಿಜವಾಗುತ್ತಿದೆ, ಖುಷಿಪಡಬೇಕಿತ್ತು. ಆದರೆ ಎದೆಯ ಮೇಲಿದ್ದ ಅವಳ ಕೈ ಅವನ ಹೊದಿಕೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿತು. ಅಯ್ಯೋ, ಇವಳನ್ನು ನೋಡಿ ಯಾರಾದರೂ ನಕ್ಕರೆ ತಾನು ಎದ್ದು ಹೊಡೆದೇ ಬಿಡುತ್ತೇನೆ ಅನ್ನಿಸಿತು. ಅವಳು ಕೋಣೆಯ ಚಿಲಕ ಹಾಕಿಕೊಂಡು ಅಭ್ಯಾಸ ಮಾಡುವಾಗ ಬಾಗಿಲಾಚೆ ಕೂತು ಕೇಳಿ ಕೇಳಿ, ಅವಳ ಪಾತ್ರ ಅವನಿಗೇ ಬಾಯಿಪಾಠವಾಗಿತ್ತು.

"ಯಾರ ಹೆಜ್ಜೆ ಸಪ್ಪಳಕ್ಕೆ ಬಾಗಿಲು ತೆಗೆಯಲಿ" ಅಂತ ಹೆಣ ಹಲ್ಲಿನ ಸಂದಿಯಿಂದ ಪಿಸುಗುಟ್ಟಿತು.

"ಯಾರ ಹೆಜ್ಜೆ ಸಪ್ಪಳಕ್ಕೆ ಬಾಗಿಲು ತೆಗೆಯಲಿ!" ಹೆಂಡತಿ ಕೂಗಿದಳು. ಸಭೆ ಗಪ್‌ಚಿಪ್ಪಾಯಿತು. ಅವನು ಇನ್ನೊಂದು ಸಾಲು ಕೊಟ್ಟ, ಅವಳು ಅಂದಳು. ಮತ್ತೊಂದು ಕೊಟ್ಟ, ಅದನ್ನೂ ಅಂದಳು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಸೀಟಿದರು. ಆಗ ನಮ್ಮ ಹೆಣದ ತಲೆಯೊಳಗೆ ತುಂಟತನ ಹೊಕ್ಕಿತು ನೋಡಿ!

"ನಿಮ್ಮ ಮೇಲೆ ಮುನಿಸಿಕೊಂಡಿದ್ದು ನನ್ನದೇ ತಪ್ಪು" ಅಂತ ಪಿಸುಗುಟ್ಟಿದ.

"ನಿಮ್ಮ ಮೇಲೆ ಮುನಿಸಿಕೊಂಡಿದ್ದು ನನ್ನದೇ ತಪ್ಪು!" ಅವಳು ಬಿಕ್ಕಿದಳು. ಇಂಥ ಅದೃಷ್ಟ ಯಾವ ಗಂಡನಿಗುಂಟು? ಆಸೆ ಕೆಟ್ಟದ್ದು, ಅಲ್ಲಿಗೇ ಬಿಡಲಿಲ್ಲ ಅವನು.

"ನಿಮ್ಮಂಥ ನಟ ಈ ಊರಲ್ಲೇ ಇಲ್ಲ."

"ನಿಮ್ಮಂಥ ನಟ..." ಅಂದವಳು ಗಕ್ಕನೆ ನಿಲ್ಲಿಸಿದಳು. ಸತ್ತವನು ನಾಟಕದಲ್ಲಿ ಬಡಗಿಯಾಗಿದ್ದ! ಅವಳು ಹೆಣದ ಮುಖವನ್ನೇ ದುರುಗುಟ್ಟಿ ನೋಡಿದಳು. ಅವನ ಮೀಸೆಯಂಚು ಕುಣಿಯುತ್ತಿತ್ತು.

"ಅಯ್ಯೋ ನನ್ನ ಕರ್ಮವೇ! ಸತ್ತರೂ ಹೊಗಳಿಸಿಕೊಳ್ಳೋ ಚಟ ಬಿಡಲಿಲ್ವಲ್ಲ ನೀವು!" ಅಂತ ಎದೆಯ ಮೇಲೆ ಒಂದು ಗುದ್ದಿಯೇಬಿಟ್ಟಳು. ಇದ್ದಬದ್ದ ಮೂರು ವಾರದ ಸಿಟ್ಟೂ ಅಳುವೂ ಆ ಗುದ್ದಿನಲ್ಲಿತ್ತು. ಸಭೆ ಕಣ್ಣೊರೆಸಿಕೊಳ್ಳುತ್ತಲೇ ಗೊಳ್ಳೆಂದು ನಕ್ಕಿತು, ಎದ್ದು ನಿಂತು ಚಪ್ಪಾಳೆ ತಟ್ಟಿತು. ಹೆಣದ ಹೊಟ್ಟೆ ಕುಲುಕುವುದು ಕಾಣುವ ಮೊದಲೇ ನಿರ್ದೇಶಕರು ತಾವೇ ಓಡಿಬಂದು ಪರದೆ ಎಳೆದರು.

ಪರದೆಯ ಹಿಂದೆ ಗಂಡ ದಡಕ್ಕನೆ ಎದ್ದು ಕೂತ. "ಸದ್ಯ, ಮಾತಾಡಿದೆಯಲ್ಲ ನನ್ನ ಜೊತೆ!"

ಅವಳು ಮುಖ ತಿರುಗಿಸಿ ಪರದೆಗೆ ಹೇಳಿದಳು: "ನಾನು ಮಾತಾಡಿದ್ದು ಸತ್ತವರ ಜೊತೆ. ಬದುಕಿರೋರ ಜೊತೆ ಇನ್ನೂ ಟೂ."

ಅವನು ಒಂದು ಕ್ಷಣ ತಲೆ ಕೆರೆದುಕೊಂಡ. ಆಮೇಲೆ ಅದೇ ಮಂಚದ ಮೇಲೆ ಅಂಗಾತ ಮಲಗಿ, ಹೊದಿಕೆಯನ್ನು ಎದೆತನಕ ಎಳೆದುಕೊಂಡು ಕಣ್ಣು ಮುಚ್ಚಿದ.

ಹೆಂಡತಿ ಅತ್ತ ಇತ್ತ ನೋಡಿದಳು. ಒಂದು ಕುರ್ಚಿ ಎಳೆದು ಅವನ ತಲೆಯ ಹತ್ತಿರ ಕೂತಳು. "ಅವತ್ತು ನೀವು ಆ ಮಾತು ಅಂದಾಗ ನನಗೆ ಎಷ್ಟು ನೋವಾಯ್ತು ಗೊತ್ತೇನ್ರೀ?" ಅಂತ ಶುರುಮಾಡಿದಳು.

ಈ ಸಲ ಹೆಣ ತುಟಿಪಿಟಕ್ಕೆನ್ನಲಿಲ್ಲ.