ಒಳಗಿಂದಲೋ, ಹೊರಗಿಂದಲೋ

ಮೇಸ್ತ್ರಿ ನೆಲಮಾಳಿಗೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಉದುರಿದ ಗಾರೆಯನ್ನು ಅಂಗೈಯಲ್ಲಿ ಹಿಡಿದು ಮನೆ ಯಜಮಾನನಿಗೆ ತೋರಿಸಿದ.

"ನೀರು ಗೋಡೆಯೊಳಗೇ ಸಂಸಾರ ಹೂಡಿದೆ ಸಾರ್. ಮೂರು ದಾರಿ ಇದೆ. ಒಳಗಿಂದ ಗಾರೆ ಕೆತ್ತಿ, ನೀರು ಹೀರದ ಸಿಮೆಂಟು ಬಳಿಯೋದು ಒಂದು. ನಾಲ್ಕು ದಿನದ ಕೆಲಸ. ಇಲ್ಲಾಂದ್ರೆ ಗೋಡೆ ಬುಡದಲ್ಲಿ ಸುತ್ತ ಕಾಲುವೆ ತೆಗೆದು, ಮೂಲೆಯಲ್ಲಿ ಗುಂಡಿ ಮಾಡಿ ಪಂಪು ಇಡೋದು. ಅದಕ್ಕೆ ಎರಡು ವಾರ. ಅದೂ ಬೇಡ ಅಂದ್ರೆ ಹೊರಗಿಂದ ಬುನಾದಿವರೆಗೂ ಅಗೆದು, ಗೋಡೆ ಬೆನ್ನಿಗೇ ಟಾರಿನ ಹಾಳೆ ಅಂಟಿಸಿ ಮಣ್ಣು ಮುಚ್ಚೋದು. ಎರಡು ತಿಂಗಳು ಹಿಡಿಯುತ್ತೆ. ಯಾವುದು ಮಾಡಿದ್ರೂ ಅಲ್ಲೀತನಕ ಇಲ್ಲಿ ಯಾರೂ ಇರೋ ಹಾಗಿಲ್ಲ."

"ನಾಲ್ಕು ದಿನದ್ದೇ ಸಾಕು," ಎಂದು ಯಜಮಾನ ಕೆಮ್ಮಿದ. "ಆದ್ರೂ ಮೇಲೆ ಹೋಗಿ ಒಂದು ಮಾತು ಕೇಳಿ ಬನ್ನಿ. ನನ್ನ ಹೆಂಡತಿ ಇದ್ದಾಳೆ."

ಮೇಸ್ತ್ರಿ ಒಮ್ಮೆ ಅವನನ್ನು ನೋಡಿದ, ಒಮ್ಮೆ ಮೂಲೆಯಲ್ಲಿದ್ದ ಒಂಟಿ ಮಂಚವನ್ನು ನೋಡಿದ. ಮೆಟ್ಟಿಲು ಹತ್ತಿದ.

ಹನ್ನೊಂದು ತಿಂಗಳ ಹಿಂದೆ, ತನ್ನ ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಾಗ, ತಾನು ಕಾರು ಓಡಿಸುವುದನ್ನು ಕಲಿಯುತ್ತೇನೆ ಎಂದು ಆಕೆ ಹೇಳಿದ್ದಳು. "ಇವಳಿಗೆ ಎಡ ಯಾವುದು, ಬಲ ಯಾವುದು ಅನ್ನೋದೇ ಇನ್ನೂ ಗೊತ್ತಿಲ್ಲ," ಎಂದು ಗಂಡ ಹೇಳಿದ್ದ. ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಮನೆಗೆ ಬಂದ ಮೇಲೆ ನಗುವುದನ್ನು ನಿಲ್ಲಿಸಿದಳು, ಜೊತೆಗೆ ಮಾತನ್ನೂ. ವಾರ ಕಳೆದ ಮೇಲೆ ಗಂಡ ದಿಂಬು ಹಿಡಿದು ಕೆಳಗಿಳಿದ. ಕೇಳಿದ ನೆಂಟರಿಗೆ ಇಬ್ಬರೂ ಬೇರೆಬೇರೆಯಾಗಿ, ಗೊರಕೆ ಕಾರಣ ಎಂದರು. ಹೆಂಡತಿ ಕಾರು ಕಲಿತಿದ್ದಾಳೆ ಎಂಬುದು ಗಂಡನಿಗೆ ತಿಳಿದದ್ದು, ಒಂದು ಬೆಳಿಗ್ಗೆ ಕಾರು ಕಾಣದೆ ಪೊಲೀಸರಿಗೆ ಫೋನು ಮಾಡಿದಾಗ.

ಮೇಲೆ ಆಕೆ ಈರುಳ್ಳಿ ಹೆಚ್ಚುತ್ತಿದ್ದಳು. "ನಾಲ್ಕು ದಿನದ್ದೇ ಸಾಕಂತಾ?"

"ಹೂಂ ಅಮ್ಮ."

"ಬೇಗ ವಾಪಸ್ ಇಳಿಯೋ ಆತುರ. ಹಾಗೇ ಆಗ್ಲಿ ಅಂತ ಹೇಳಿ. ಒಳಗಿಂದ ಬಳಿದದ್ದು ಎಷ್ಟು ವರ್ಷ ಬಾಳುತ್ತೆ ಅಂತ ಕೇಳ್ಕೊಂಡು ಬನ್ನಿ."

"ಅದು ಅವರನ್ನ ಕೇಳೋದಲ್ಲ ಅಮ್ಮ. ನನ್ನನ್ನ ಕೇಳಬೇಕು," ಎಂದ ಮೇಸ್ತ್ರಿ. "ಎರಡು ವರ್ಷ, ಹೆಚ್ಚಂದ್ರೆ ಮೂರು."

"ಅದನ್ನ ಅವರಿಗೆ ಹೇಳಿ."

ಮೇಸ್ತ್ರಿ ಇಳಿದ, ಹೇಳಿದ, ಹತ್ತಿದ. ಮತ್ತೆ ಇಳಿಯುವಾಗ ಮೆಟ್ಟಿಲ ನಡುವೆ ಮಂಡಿ ಹಿಡಿದು ಕೂತುಬಿಟ್ಟ. "ನೀವೇ ಬನ್ನಿ ಅಮ್ಮ," ಎಂದು ಅಲ್ಲಿಂದಲೇ ಕೂಗಿದ. "ಗೋಡೆ ನೋಡದೆ ಗೋಡೆ ಬಗ್ಗೆ ಎಷ್ಟು ಅಂತ ಮಾತಾಡೋದು?"

ಆಕೆ ಕೈ ಒರೆಸಿಕೊಂಡು ಕೆಳಗಿಳಿದಳು. ಹನ್ನೊಂದು ತಿಂಗಳಲ್ಲಿ ಅದೇ ಮೊದಲು. ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟಿತ್ತು. ಹಗ್ಗದ ಮೇಲಿನ ಅಂಗಿಗಳು ಒಗೆದು ಎಷ್ಟು ದಿನವಾಗಿತ್ತೋ, ಇನ್ನೂ ಒಣಗಿರಲಿಲ್ಲ. ಸೊಂಟದೆತ್ತರದವರೆಗೆ ಗೋಡೆಗೆ ಬಿಳಿ ಉಪ್ಪು ಹತ್ತಿತ್ತು. ಗಂಡ ಕೆಮ್ಮಿದ. ಈ ಕೆಮ್ಮು ಆಕೆಗೆ ಮೇಲೆಯೂ ಕೇಳಿಸುತ್ತಿತ್ತು. ತನಗೆ ಕೇಳಲಿ ಎಂದೇ ಕೆಮ್ಮುತ್ತಾನೆ ಎಂದುಕೊಂಡು ರೇಡಿಯೋ ಜೋರು ಮಾಡುತ್ತಿದ್ದಳು.

"ಎಷ್ಟು ದಿನದಿಂದ ಹೀಗಿದೆ ಅಂತ ಕೇಳಿ," ಎಂದಳು ಮೇಸ್ತ್ರಿಗೆ.

"ಮೊನ್ನೆ ಮಳೆಯಿಂದ ಅಂತ ಹೇಳಿ," ಎಂದ ಗಂಡ ಮೇಸ್ತ್ರಿಗೆ.

ಇಬ್ಬರ ನಡುವೆ ಇದ್ದದ್ದು ಒಂದು ಮಾರು ಜಾಗ. ಅದರಲ್ಲಿ ಮೇಸ್ತ್ರಿ ನಿಂತಿದ್ದ. "ನನ್ನ ಬಾಯಲ್ಲಿ ಸುಳ್ಳು ಹೇಳಿಸಬೇಡಿ ಸಾರ್. ಇಷ್ಟು ಉಪ್ಪು ಮೇಲೆ ಬರೋಕೆ ಏಳೆಂಟು ತಿಂಗಳಾದ್ರೂ ಬೇಕು."

ಆಕೆ ಸ್ವಲ್ಪ ಹೊತ್ತು ಆ ಅಂಗಿಗಳನ್ನೇ ನೋಡಿದಳು. "ಹೊರಗಿಂದ ಅಗೆಯಿರಿ," ಎಂದಳು.

"ಎರಡು ತಿಂಗಳು ಹಿಡಿಯುತ್ತಂತೆ. ಅಲ್ಲೀತನಕ ನಾನೆಲ್ಲಿರಲಿ ಅಂತ ಕೇಳಿ."

ಆಕೆ ಹಗ್ಗದ ಮೇಲಿನ ಅಂಗಿಯೊಂದನ್ನು ಮುಟ್ಟಿ ನೋಡಿದಳು. ಗಂಡ ಮೇಸ್ತ್ರಿಯ ಚಪ್ಪಲಿ ನೋಡುತ್ತ, "ಆವತ್ತು ಎಲ್ಲರೆದುರಿಗೆ ನಾನು ಹಾಗೆ ಅನ್ನಬಾರದಿತ್ತು ಅಂತ ಹೇಳಿ," ಎಂದ.

"ಅದು ನನ್ನ ಕೆಲಸ ಅಲ್ಲ ಸಾರ್. ನಾನು ಗೋಡೆಯವನು. ನೀವೇ ಹೇಳಿ." ಮೇಸ್ತ್ರಿ ಅವರಿಗೆ ಬೆನ್ನು ಹಾಕಿ, ಆಗಲೇ ಅಳೆದಿದ್ದ ಗೋಡೆಯನ್ನು ಮತ್ತೆ ಅಳೆಯತೊಡಗಿದ.

ಗಂಡ ಹೇಳಿದ. ಅರ್ಧದಲ್ಲಿ ಕೆಮ್ಮು ಬಂತು. ಕೆಮ್ಮಿ ಮುಗಿಸಿ, ಬಿಟ್ಟಲ್ಲಿಂದ ಹಿಡಿಯದೆ, ಮೊದಲಿನಿಂದ ಪೂರ್ತಿ ಹೇಳಿದ.

ಆಕೆ ಗೋಡೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಎಡಗಡೆ ಗೋಡೆಗಿಂತ ಬಲಗಡೇದು ಹೆಚ್ಚು ಒದ್ದೆ," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಮೊದಲು ಆ ಹಾಸಿಗೆ ಬಿಸಿಲಿಗೆ ಹಾಕಿ. ಆಸ್ಪತ್ರೆಗೆ ನಾನು ಕರ್ಕೊಂಡು ಹೋಗ್ತೀನಿ," ಎಂದಳು.

ಎರಡು ತಿಂಗಳ ಕೆಲಸ ಮೂರಾಯಿತು. ಮನೆಯ ಸುತ್ತ ತೆಗೆದ ಕಂದಕಕ್ಕೆ ಹಾಕಿದ ಹಲಗೆಯ ಮೇಲೆ ಓಡಾಡುತ್ತ, ಇಬ್ಬರೂ ಮೇಲಿನ ಮನೆಯಲ್ಲಿದ್ದರು. ಗೊರಕೆ ಇದ್ದದ್ದು ನಿಜವೇ ಆಗಿತ್ತು. ಮಣ್ಣು ಮುಚ್ಚಿದ ಮೇಲೆ ಎರಡು ದೊಡ್ಡ ಮಳೆ ಬಂತು. ಮಳೆ ನಿಂತ ಮೂರನೆಯ ದಿನ ಮೇಸ್ತ್ರಿ ಬಂದು ಇಬ್ಬರನ್ನೂ ಕೆಳಗೆ ಕರೆದೊಯ್ದು ದೀಪ ಹಾಕಿದ. ಕೋಣೆ ಹುರಿದಿಟ್ಟ ಹಾಗೆ ಒಣಗಿತ್ತು.

"ಇನ್ನು ಇಪ್ಪತ್ತು ವರ್ಷ ಒಂದು ಹನಿ ಬರಲ್ಲ," ಎಂದ. "ಇವತ್ತಿಂದಾನೇ ಇಲ್ಲಿ ಮಲಗಬಹುದು ಸಾರ್."

ಗಂಡ ಹೆಂಡತಿಯ ಮುಖ ನೋಡಿದ. ಆಕೆ ದೀಪ ಆರಿಸಿದಳು.

"ಈ ಕೆಲಸ ಎಲ್ಲ ಅಷ್ಟು ಬೇಗ ನಂಬಬಾರದು," ಎಂದಳು. "ಇನ್ನೂ ಒಂದೆರಡು ಮಳೆಗಾಲ ನೋಡೋಣ."