ಮೈಲಪ್ಪನ ಬರ್ಫಿನ ಮಳೆ

ಅಂದು ಬೆಳಿಗ್ಗೆ ಮೈಲಪ್ಪ ಬಿಟ್ಟ ಬೀಡಿಯ ಹೊಗೆ ಚಳಿಗೆ ಸೆಟೆದು ಕೋಲಾಗಿ, ಕಾಲ ಮೇಲೆ ಬಿದ್ದು, ಹೆಬ್ಬೆರಳು ಊದಿತ್ತು. ಹಾಗೆಂದು ಅವನೇ ಹೇಳಿದ, ಬೆರಳನ್ನೂ ತೋರಿಸಿದ. ಕದರಮಂಡಲಗಿಯ ಬಸ್‌ ನಿಲ್ದಾಣದ ಚಹಾದಂಗಡಿಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕಷ್ಟೂ ಮೈಲಪ್ಪನಿಗೆ ಹುರುಪು.

“ಇದೇನ ಚಳಿ? ಇದರ ಬೆನ್ನಿಗೆ ಮಳಿ ಐತಿ. ಮುಗಲಿನಾಗ ನೀರು, ನೆಲಾ ಮುಟ್ಟಿದ ಕೂಡ್ಲೆ ಬರ್ಫು. ನಾಡಿದ್ದ ಬರತೈತಿ. ಹಾವೇರ್ಯಾಗ ಹವಾಮಾನದ ಸಾಹೇಬ್ರು ನನ್ನ ಹೆಗಲ ಮ್ಯಾಲೆ ಕೈ ಇಟ್ಟ ಹೇಳ್ಯಾರ.”

“ಸಾಹೇಬ್ರು ನಿನ್ನ ಕೇಳೇ ಮಳಿ ಬಿಡತಾರನಲೇ?” ಎಂದ ಅಂಗಡಿಯ ಕೊಟ್ರೇಶ.

“ಇವತ್ತ ಬಿಡೋರಿದ್ರು. ಎರಡ ದಿನಾ ತಡೀರಿ ಅಂದೇನಿ.”

ಮತ್ತೆ ನಗು. ಮೂಲೆಯಲ್ಲಿ ಕೌದಿ ಹೊದ್ದು ಕೂತಿದ್ದ ಮುದುಕಿ ಫಕ್ಕೀರವ್ವ ಮಾತ್ರ ನಗಲಿಲ್ಲ. ಅವಳ ವರ್ಷದ ಮೆಣಸಿನಕಾಯಿ ಅಷ್ಟೂ ಕಣದಲ್ಲಿ ಒಣಗಲು ಬಿದ್ದಿತ್ತು.

“ಖರೇನ, ತಮ್ಮಾ?”

“ಖರೇನಬೇ ಯವ್ವಾ,” ಎಂದ ಮೈಲಪ್ಪ, ರೆಪ್ಪೆ ಕೂಡ ಬಡಿಯದೆ. ಅವಳು ಅರ್ಧ ಚಹಾ ಬಿಟ್ಟು, ಕಣದ ಕಡೆ ಓಡಿದಂತೆ ನಡೆದಳು. ಮೈಲಪ್ಪ ಮೀಸೆ ತಿರುವಿದ.

ಮಳೆ ಬರಲಿಲ್ಲ. ಒಂದು ಹನಿಯೂ ಬೀಳದೆ ಚಳಿ ತಾನಾಗಿ ಇಳಿಯಿತು, ಬಿಸಿಲು ಚುರುಗುಟ್ಟತೊಡಗಿತು. ಹದಿನೈದು ದಿನದ ಮೇಲೆ ಫಕ್ಕೀರವ್ವ ಒಗೆದ ಸೀರೆಯುಟ್ಟು ಅಂಗಡಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ, ಒಂದು ಮೆಣಸಿನಕಾಯಿ ತೆಗೆದು ಮೈಲಪ್ಪನ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಣಗಿದ ಕಾಯಿಯಾದರೆ ಬೀಜ ಗಲಗಲ ಎನ್ನಬೇಕು. ಇದು ಉಸಿರೆತ್ತಲಿಲ್ಲ. ಮುರಿದಳು. ಒಳಗೆಲ್ಲ ಬೂದಿಬಣ್ಣದ ಬೂಷ್ಟು.

“ಬರ್ಫ ಬೀಳತೈತಿ ಅಂತ ಹಸಿ ಇದ್ದಾಗನ ಚೀಲಕ್ಕ ತುಂಬಿದೆ. ಹದಿನಾಲ್ಕೂ ಚೀಲ ಹಿಂಗ ಆಗ್ಯಾವು. ನಿಂದೇನ ತಪ್ಪಲ್ಲ ಬಿಡು, ಕೇಳಿದ್ದ ಹೇಳಿದಿ. ಆ ಸಾಹೇಬ್ರಿಗೆ ಇದನ್ನ ತೋರಸಬೇಕು. ಮುಂದ ಯಾರಿಗೂ ಹಿಂಗ ಹೇಳಬಾರದಲಾ. ಹಾವೇರಿ ಬಸ್ಸ ಬರೂ ಹೊತ್ತಾತು, ನಡಿ.”

ಕೊಟ್ರೇಶ ಚಹಾ ಸೋಸುವುದನ್ನು ನಿಲ್ಲಿಸಿದ. ಬಸ್ಸು ಬಂದು ನಿಂತಿತು. ಅವಳು ಮೆಟ್ಟಿಲಿಗೆ ಕಾಲಿಟ್ಟು ತಿರುಗಿ ನೋಡಿದಳು. ಮೈಲಪ್ಪ ಓಡಿಹೋಗಿ ಬಸ್ಸಿನ ಬಾಗಿಲ ಕಂಬಿ ಹಿಡಿದ.

“ಇಳೀಬೇ ಯವ್ವಾ. ಸಾಹೇಬ್ರು ಯಾರೂ ಇಲ್ಲ. ಮಂದಿ ನಗಲಿ ಅಂತ ನಾನ ಹುಟ್ಟಿಸಿ ಹೇಳಿದೆ.”

ಅವಳು ಇಳಿದಳು. ಬಸ್ಸು ಹೋಯಿತು.

“ನಾ ನಗಲಿಲ್ಲಲ್ಲೋ ತಮ್ಮಾ. ಎದ್ದ ಹೋಗೂದನ್ನೂ ನೋಡಿದಿ. ಆವಾಗರ ಕೂಗಿ ಹೇಳಬಾರದಾಗಿತ್ತನ?”

ಮೈಲಪ್ಪ ಮುರಿದ ಕಾಯಿಯನ್ನೇ ನೋಡುತ್ತ ಹೇಳಿದ: “ಇಷ್ಟ ವರ್ಷದಾಗ ನನ್ನ ಮಾತ ನಂಬಿದಾಕಿ ನೀ ಒಬ್ಬಾಕಿನ. ಅದಕ್ಕ ಕೂಗಲಿಲ್ಲ.”